ಐಇಎಂ, ಕಿವಿ ಮತ್ತು ನಡುವಿನ ಟಿಪ್

ಇನ್-ಇಯರ್ ಮಾನಿಟರ್, ಬಳಕೆಯ ಮಾತಿನಲ್ಲಿ ಐಇಎಂ, ಕಿವಿಯ ನಾಳದೊಳಕ್ಕೇ ತೂರಿ ಕೂರುವ ಇಯರ್‌ಫೋನ್. ಹಾಲೆಯ ಗುಂಡಿಯಲ್ಲಿ ಸಡಿಲವಾಗಿ ಕೂರುವ ಸಾದಾ ಇಯರ್‌ಫೋನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಇದು ನಾಳವನ್ನು ಗಾಳಿಯಾಡದಂತೆ ಮುಚ್ಚುತ್ತದೆ. ಇದರ ಗುಣ, ಅವಗುಣ, ಆರಿಸುವವರ ತಲೆಬಿಸಿ ಎಲ್ಲಕ್ಕೂ ಆ ಮುಚ್ಚುವಿಕೆಯೇ ಮೂಲ. ಮುಚ್ಚುವ ಕೆಲಸ ಬಿದ್ದಿರುವುದು ಮಾತ್ರ ಮಿರುಗುವ ಕವಚದ ಮೇಲಲ್ಲ, ಅದರ ಮೂತಿಗೆ ಸಿಕ್ಕಿಸುವ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಸಿಲಿಕೋನ್ ಅಥವಾ ಫೋಮ್ ಟಿಪ್‌ನ ಮೇಲೆ.

ಐಇಎಂನ ಬೇರು ಎರಡು ಕಡೆ ಹರಡಿದೆ. ಒಂದು, ಶ್ರವಣಸಾಧನಗಳ ಲೋಕ. ಮೀಡ್ ಕಿಲಿಯನ್ 1983ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕಟ್ಟಿದ ಎಟಿಮೋಟಿಕ್ ರಿಸರ್ಚ್, ಕಿವಿ ಪರೀಕ್ಷೆಗೆ ಬೇಕಾದ ಇಯರ್‌ಫೋನ್‌ಗಳನ್ನು ಮೊದಲು ಮಾಡಿ, 1991ರಲ್ಲಿ ಇಆರ್-4 ಎಂಬ ಸಂಗೀತದ ಇಯರ್‌ಫೋನನ್ನು ತಂದಿತು. ಮೂರು ಅಂಚಿನ ಅದರ ಟಿಪ್ ನಾಳದ ಆಳಕ್ಕೆ ಇಳಿಯುತ್ತದೆ. ಮೊದಲ ಸಲ ಹಾಕಿಕೊಂಡವರು ಮುಖ ಕಿವುಚದೆ ಇರುವುದು ಕಷ್ಟ. ಇನ್ನೊಂದು ಬೇರು ರಾಕ್ ಸಂಗೀತದ ವೇದಿಕೆ. ವ್ಯಾನ್ ಹೇಲನ್ ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗೆ ವೇದಿಕೆಯ ಗದ್ದಲದಲ್ಲಿ ತಂಡದ ವಾದನ ಸ್ಪಷ್ಟವಾಗಿ ಕೇಳಬೇಕಿತ್ತು, ಕಿವಿಯೂ ಉಳಿಯಬೇಕಿತ್ತು. ಅವರ ಸೌಂಡ್ ಇಂಜಿನಿಯರ್ ಜೆರಿ ಹಾರ್ವಿ ಕಿವಿಯ ಅಚ್ಚಿಗೆ ಹೊಂದುವ ಮಾನಿಟರ್ ಮಾಡಿಕೊಟ್ಟರು. 1995ರಲ್ಲಿ ಶುರುವಾದ ಅಲ್ಟಿಮೇಟ್ ಇಯರ್ಸ್ ಕಂಪನಿಯ ಹುಟ್ಟು ಹೀಗೆ. ಮನೆಯಲ್ಲಿ ಕೂತು ಕೇಳುವವರ ಕೈಗೆ ಬಂದದ್ದು ಈ ಎರಡೂ ಬೇರುಗಳಿಂದ ಚಿಗುರಿದ ವಸ್ತು.

ಕವಚದ ಒಳಗೆ ಸದ್ದು ಹುಟ್ಟಿಸುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಡೈನಮಿಕ್ ಡ್ರೈವರ್ ಪುಟ್ಟ ಸ್ಪೀಕರ್. ತಂತಿಸುರುಳಿ ಮತ್ತು ಅಯಸ್ಕಾಂತ ಸೇರಿ ಒಂದು ಪೊರೆಯನ್ನು ಅಲುಗಿಸುತ್ತವೆ. ಬ್ಯಾಲೆನ್ಸ್ಡ್ ಆರ್ಮೇಚರ್ ಶ್ರವಣಸಾಧನದಿಂದ ಬಂದದ್ದು, ಅಕ್ಕಿಕಾಳಿಗಿಂತ ತುಸು ದೊಡ್ಡ ಲೋಹದ ಪೆಟ್ಟಿಗೆ. ಅದರಲ್ಲಿ ಚುರುಕು ಜಾಸ್ತಿ, ಗಾಳಿಯನ್ನು ತಳ್ಳುವ ತ್ರಾಣ ಕಡಿಮೆ. ಹಾಗಾಗಿ ಒಂದು ಬೇಸ್‌ಗೆ, ಒಂದು ಮಧ್ಯಕ್ಕೆ, ಒಂದು ಟ್ರೆಬಲ್‌ಗೆ ಎಂದು ಹಲವನ್ನು ಜೋಡಿಸುತ್ತಾರೆ. ಎರಡು ಜಾತಿಯನ್ನೂ ಕೂಡಿಸಿದ ಹೈಬ್ರಿಡ್‌ಗಳೂ ಧಾರಾಳವಾಗಿವೆ. ಡ್ರೈವರ್‌ಗಳ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವುದು ಮಾರಾಟಗಾರರ ಚಪಲ, ಅಷ್ಟೇ. 64 ಆಡಿಯೊ ಕಂಪನಿಯ ಯು12ಟಿಯಲ್ಲಿ ಕಿವಿಯೊಂದಕ್ಕೆ 12 ಡ್ರೈವರ್‌ಗಳಿವೆ. 2021ರ ಸೆನ್‌ಹೈಸರ್ ಐಇ 900ರಲ್ಲಿ ಇರುವುದು 7 ಮಿಲಿಮೀಟರಿನ ಒಂದೇ ಒಂದು. ಎರಡರ ಬೆಲೆಯೂ ಸಾವಿರ ಡಾಲರ್ ದಾಟಿದ್ದು, ಎರಡಕ್ಕೂ ಆಜನ್ಮ ಭಕ್ತರಿದ್ದಾರೆ. ಎಣಿಕೆಯಿಂದ ದನಿಯ ಅಂದಾಜು ಸಿಗುವುದಿಲ್ಲ.

ಅಂದಾಜು ಸಿಗಬೇಕಾದರೆ ಕಿವಿಯ ಲೆಕ್ಕವನ್ನು ಸ್ವಲ್ಪ ತಿಳಿದಿರಬೇಕು. ದೊಡ್ಡವರ ಕಿವಿಯ ನಾಳ ಸುಮಾರು 25 ಮಿಲಿಮೀಟರ್ ಉದ್ದ, ಎರಡು ಕಡೆ ಬಾಗಿದ್ದು. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಉಳಿದದ್ದು ಎಲುಬು. ತನ್ನ ಬಾಯಿ ತೆರೆದಿರುವಾಗ ಈ ನಾಳ 3 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ಎತ್ತಿಕೊಡುತ್ತದೆ. ಹುಟ್ಟಿನಿಂದ ಲೋಕವನ್ನು ಕೇಳಿಸಿಕೊಂಡು ಬಂದದ್ದೇ ಈ ಉಬ್ಬಿನೊಂದಿಗೆ. ಐಇಎಂ ನಾಳದ ಬಾಯಿ ಮುಚ್ಚಿದ ಕೂಡಲೇ ಆ ಉಬ್ಬು ಕಳೆದುಹೋಗುತ್ತದೆ. ಅದನ್ನು ಡ್ರೈವರ್ ಕಡೆಯಿಂದ ಮತ್ತೆ ತುಂಬಿಕೊಡಬೇಕು. ಒಳ್ಳೆಯ ಐಇಎಂಗಳ ಗ್ರಾಫಿನಲ್ಲಿ 3 ಕಿಲೋಹರ್ಟ್ಸ್ ಸುತ್ತ ಕಾಣುವ ಗುಡ್ಡ ತಯಾರಕರ ತಪ್ಪಲ್ಲ, ಅವರು ತೀರಿಸಿದ ಸಾಲ. ಗುಡ್ಡ ಎಷ್ಟು ಎತ್ತರವಿರಬೇಕು, ಬೇಸ್ ಎಷ್ಟಿರಬೇಕು ಎಂಬುದರಲ್ಲಿ ರುಚಿಭೇದವಿದೆ. ಹರ್ಮನ್ ಕಂಪನಿಯಲ್ಲಿ ಷಾನ್ ಆಲಿವ್ ಮತ್ತು ಜೊತೆಗಾರರು ಅನೇಕ ಕೇಳುಗರನ್ನು ಕೂರಿಸಿ ರೂಪಿಸಿದ ಗುರಿರೇಖೆ ಹಲವರು ಹಿಡಿದು ನಡೆಯುವ ಅಳತೆಗೋಲು. ಕರ್ನಾಟಕ ಸಂಗೀತವನ್ನೇ ಹೆಚ್ಚು ಕೇಳುವವರಿಗೆ ಅದರ ಬೇಸ್ ತುಸು ಅತಿಯೆನಿಸಬಹುದು, ಪಿಟೀಲು ಒಮ್ಮೊಮ್ಮೆ ಮೊನಚೆನಿಸಬಹುದು.

ಗ್ರಾಫನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಅಳತೆ ಹೆಚ್ಚಾಗಿ ತೆಗೆಯುವುದು ಐಇಸಿ 60318-4 ಎಂಬ ಮಾನಕದ ಲೋಹದ ಕೃತಕ ಕಿವಿಯಲ್ಲಿ. ಟಿಪ್‌ಗೂ ಕಿವಿಯ ತಮಟೆಗೂ ನಡುವೆ ಉಳಿದ ಗಾಳಿಯ ಕಂಬ ತನ್ನದೇ ಆದ ಒಂದು ಅನುರಣನ ಎಬ್ಬಿಸುತ್ತದೆ. ಕಂಬ 21 ಮಿಲಿಮೀಟರ್ ಇದ್ದರೆ ಅದು 8 ಕಿಲೋಹರ್ಟ್ಸ್ ಹತ್ತಿರ ಬೀಳುತ್ತದೆ. ಟಿಪ್ಪನ್ನು 3 ಮಿಲಿಮೀಟರ್ ಒಳಗೆ ತಳ್ಳಿದರೆ 9 ಕಿಲೋಹರ್ಟ್ಸ್ ದಾಟುತ್ತದೆ. ಹಾಡುಗಾರರ ಸಕಾರ ಶಕಾರಗಳು ಚುಚ್ಚುವುದೂ ತಾಳದ ಲೋಹದ ಮಿನುಗು ಕೇಳುವುದೂ ಇದೇ ವಲಯದಲ್ಲಿ. ಒಂದೇ ಐಇಎಂ ಒಬ್ಬರ ಕಿವಿಯಲ್ಲಿ ಇರಿದು ಇನ್ನೊಬ್ಬರ ಕಿವಿಯಲ್ಲಿ ಹಿತವಾಗುವುದಕ್ಕೆ ಕಾರಣ ಹಲವು ಸಲ ಇಷ್ಟೇ. ವಿಮರ್ಶೆಗಳಲ್ಲಿ ಬರುವ ವಿಶೇಷಣಗಳ ಜಾತ್ರೆಯನ್ನು ಓದುವಾಗ, ಬರೆದವರ ಕಿವಿಯಲ್ಲಿ ಯಾವ ಟಿಪ್ ಎಷ್ಟು ಆಳಕ್ಕೆ ಕೂತಿತ್ತು ಎಂಬ ಪ್ರಶ್ನೆ ಮನಸ್ಸಿನ ಹಿಂದೆ ಇರಬೇಕು.

ಟಿಪ್ ಮಾಡುವ ಮೊದಲ ಕೆಲಸ ಸೀಲ್. ಮುಚ್ಚಿದ ನಾಳದ ಗಾಳಿ ಅಳತೆಯಲ್ಲಿ ತೀರಾ ಸ್ವಲ್ಪ, ಅದಕ್ಕೇ ಪುಟ್ಟ ಪೊರೆಯೊಂದು ಮಂದ್ರ ಸ್ವರಗಳ ಒತ್ತಡವನ್ನು ಅದರಲ್ಲಿ ಸಲೀಸಾಗಿ ಹುಟ್ಟಿಸಬಲ್ಲದು. ಕೂದಲೆಳೆಯಷ್ಟು ಸಂದು ಉಳಿದರೂ ನಿಧಾನವಾಗಿ ಏರಿಳಿಯುವ ಈ ಒತ್ತಡ ಅಲ್ಲಿಂದ ಸೋರಿಹೋಗುತ್ತದೆ. ವೇಗವಾಗಿ ಕಂಪಿಸುವ ಮೇಲಿನ ಸ್ವರಗಳಿಗೆ ಸೋರಲು ಪುರುಸೊತ್ತಿಲ್ಲ. ಬೇಸ್ ಇಲ್ಲ, ದನಿ ತೆಳು, ಟ್ರೆಬಲ್ ಕೀಚಲು ಎಂಬ ದೂರುಗಳ ಹಿಂದೆ ಕೆಟ್ಟ ಡ್ರೈವರ್‌ಗಿಂತ ಸಣ್ಣದಾದ ಟಿಪ್ ಇರುವುದೇ ಹೆಚ್ಚು.

ಸೀಲ್ ಕೂತಿದೆಯೇ ಎಂದು ನೋಡಲು ತಂಬೂರಿಯನ್ನು ನಂಬುವಂತಿಲ್ಲ. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜದ ಮೂಲಕಂಪನ 65 ಹರ್ಟ್ಸ್ ಆಸುಪಾಸಿನದು. ಆದರೆ ಜವಾರಿಯ, ಅಂದರೆ ಕುದುರೆಯ ಮೇಲೆ ತಂತಿ ಝೇಂಕರಿಸುವ ಗುಣದ, ದೆಸೆಯಿಂದ ಆ ತಂತಿಯ ಶಕ್ತಿ ಮೇಲಿನ ಅನುಸ್ವರಗಳಿಗೆ ಹಂಚಿಹೋಗಿರುತ್ತದೆ. ಮೂಲ ಸೋರಿಹೋದರೂ ಅನುಸ್ವರಗಳನ್ನು ಹಿಡಿದುಕೊಂಡೇ ಮಿದುಳು ಷಡ್ಜವನ್ನು ಕಟ್ಟಿಕೊಳ್ಳುತ್ತದೆ. ಮೃದಂಗ ಹೀಗೆ ದಾಕ್ಷಿಣ್ಯ ತೋರಿಸುವುದಿಲ್ಲ. ರವೆಯ ಕಣಕ ಮೆತ್ತಿದ ಎಡಮುಖದ ಮೇಲೆ ಗುಮ್ಕಿ ಕೊಟ್ಟಾಗ ಏಳುವ ತುಂಬುದನಿ ಸೀಲ್ ಇದ್ದರೆ ದುಂಡಗೆ ಉಬ್ಬಿ ಇಳಿಯುತ್ತದೆ. ಇಲ್ಲದಿದ್ದರೆ ರಟ್ಟಿನ ಡಬ್ಬಿ ತಟ್ಟಿದ ಹಾಗೆ ಕೇಳುತ್ತದೆ. ಬಲಮುಖದಿಂದ ಇನ್ನೊಂದು ಪರೀಕ್ಷೆ ಸಾಧ್ಯ. ಕರಣೆ ಹಾಕಿದ ಆ ಚರ್ಮದ ಅನುಸ್ವರಗಳು ತಂತಿವಾದ್ಯದವುಗಳಂತೆ ಕ್ರಮಬದ್ಧ ಎಂಬುದನ್ನು ಸಿ.ವಿ. ರಾಮನ್ 1920ರಷ್ಟು ಹಿಂದೆಯೇ ವಿವರಿಸಿದ್ದರು. ಮೀಟಿನ ಪೆಟ್ಟು ಬರೀ ಟಕ್ ಎನ್ನದೆ ಶ್ರುತಿಯಾಗಿ ನಿಂತರೆ ಮಧ್ಯದ ಸ್ವರಗಳು ನೆಟ್ಟಗಿವೆ ಎಂದು ಲೆಕ್ಕ. ತನಿ ಆವರ್ತನದ ಒಂದು ಒಳ್ಳೆಯ ಧ್ವನಿಮುದ್ರಣ ಕೈಲಿದ್ದರೆ ಟಿಪ್ ಪರೀಕ್ಷೆಗೆ ಬೇರೇನೂ ಬೇಡ.

ಅಳತೆಯ ವಿಷಯದಲ್ಲಿ ಎಸ್, ಎಂ, ಎಲ್ ಎಂಬ ಅಕ್ಷರಗಳು ನಂಬಿಕೆಗೆ ಅರ್ಹವಲ್ಲ. ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿರುತ್ತದೆ. ಜಪಾನಿನ ಫೈನಲ್ ಕಂಪನಿಯ ಟೈಪ್ ಇ ಟಿಪ್‌ಗಳು ಎಸ್‌ಎಸ್‌ನಿಂದ ಎಲ್‌ಎಲ್‌ವರೆಗೆ ಐದು ಅಳತೆಯಲ್ಲಿ ಬರುತ್ತವೆ. ಇಬ್ಬರ ಕಿವಿ ಹಾಗಿರಲಿ, ಒಬ್ಬರದೇ ಎಡ ಬಲ ಕಿವಿಗಳೂ ಹಲವರಲ್ಲಿ ಬೇರೆ ಬೇರೆ. ಎಡಕ್ಕೆ ಎಂ, ಬಲಕ್ಕೆ ಎಸ್ ಹಾಕುವುದರಲ್ಲಿ ನಾಚಿಕೆಯೇನಿಲ್ಲ. ಹಾಡುಗಾರರ ದನಿ ನಟ್ಟನಡುವೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಹಾಕುವುದಕ್ಕೂ ಒಂದು ಕ್ರಮವಿದೆ. ಎದುರು ಕೈಯನ್ನು ತಲೆಯ ಹಿಂದಿನಿಂದ ತಂದು ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳದ ಬಾಗು ನೆಟ್ಟಗಾಗುತ್ತದೆ. ಆಗ ಟಿಪ್ಪನ್ನು ತುಸು ತಿರುವುತ್ತ ಒಳಗೆ ಬಿಟ್ಟು ಹಾಲೆಯನ್ನು ಬಿಡಬೇಕು. ಆಮೇಲೆ ದವಡೆ ಆಡಿಸಿ ನೋಡಬೇಕು. ನಾಳದ ಮುಂದಿನ ಗೋಡೆ ದವಡೆಯ ಕೀಲಿಗೆ ಅಂಟಿಕೊಂಡೇ ಇರುವುದರಿಂದ ನಕ್ಕಾಗ, ಆಕಳಿಸಿದಾಗ ನಾಳದ ಆಕಾರ ಬದಲಾಗುತ್ತದೆ. ಆಗಲೂ ಸೀಲ್ ಬಿಡದ ಟಿಪ್ಪೇ ಸರಿಯಾದ ಟಿಪ್.

ಟಿಪ್‌ಗಳಲ್ಲಿ ಜಾತಿಗಳು ಅನೇಕ, ಮುಖ್ಯವಾದವು ಎರಡು. ಸಿಲಿಕೋನ್ ಬಾಳಿಕೆಯದು, ತೊಳೆಯಲು ಸುಲಭ, ದನಿಯಲ್ಲಿ ಕಳೆಯುವುದು ಕಡಿಮೆ. ತೈವಾನಿನ ಸ್ಪಿನ್‌ಫಿಟ್ ಟಿಪ್‌ನ ಕತ್ತು ಎಲ್ಲ ದಿಕ್ಕಿಗೂ ಹೊರಳಿ ನಾಳದ ಬಾಗನ್ನು ಹಿಡಿಯುತ್ತದೆ. ಜೆವಿಸಿಯ ಸ್ಪೈರಲ್ ಡಾಟ್‌ನ ಒಳಗೋಡೆಯಲ್ಲಿ ಸಾಲು ಸಾಲು ಕುಳಿಗಳಿವೆ. ಕೊರಿಯಾದ ಅಜ್ಲಾ ಕಂಪನಿಯ ಜೆಲಾಸ್ಟೆಕ್ ಸಿಲಿಕೋನ್ ಅಲ್ಲ, ಮೈಶಾಖಕ್ಕೆ ಮೆತ್ತಗಾಗುವ ಎಲಾಸ್ಟೊಮರ್. ಚೆನ್ನಾಗಿ ಅಂಟುತ್ತದೆ, ಧೂಳನ್ನೂ ಅಷ್ಟೇ ಪ್ರೀತಿಯಿಂದ ಅಂಟಿಸಿಕೊಳ್ಳುತ್ತದೆ. ಇನ್ನು ಫೋಮ್. ಕಾಂಪ್ಲೈ ಹೆಸರಿನವು ಇದರಲ್ಲಿ ಪ್ರಸಿದ್ಧ. ಬೆರಳುಗಳ ನಡುವೆ ಹೊಸೆದು ತೆಳ್ಳಗಾಗಿಸಿ ಕಿವಿಗಿಟ್ಟು ಅರ್ಧ ನಿಮಿಷ ಬೆರಳೊತ್ತಿ ಹಿಡಿದರೆ, ಹೊರಗಿನ ಫ್ಯಾನಿನ ಸದ್ದು ಸ್ವಲ್ಪಸ್ವಲ್ಪವಾಗಿ ಇಂಗುವುದು ಕೇಳುತ್ತದೆ. ಫೋಮ್ ಉಬ್ಬಿ ನಾಳದ ಆಕಾರ ತಾಳುತ್ತಿರುತ್ತದೆ. ಹೊರಸದ್ದನ್ನು ತಡೆಯುವುದರಲ್ಲಿ ಇದಕ್ಕೆ ಎದುರಿಲ್ಲ. ಟ್ರೆಬಲ್‌ನ ಅಂಚನ್ನು ಕೊಂಚ ಉಜ್ಜಿಹಾಕುವುದರಿಂದ ಮೊನಚು ಐಇಎಂಗಳಿಗೆ ಒಳ್ಳೆಯ ಮದ್ದು, ಮೊದಲೇ ಮಂಕಾದವಕ್ಕೆ ಬೇಡ. ಬೆವರು, ಎಣ್ಣೆ ಕುಡಿದ ಫೋಮ್ ಬೇಗ ಸತ್ವಗೆಡುತ್ತದೆ. ಮಂಗಳೂರಿನ ಸೆಕೆಯಲ್ಲಿ ನಡೆದಾಡುತ್ತ ಕೇಳುವವರಿಗೆ ಅದು ಖರ್ಚಿನ ಬಾಬತ್ತು.

ಆಕಾರದಲ್ಲಿ ನೋಡಬೇಕಾದದ್ದು ಬಾಯಿಯ ಅಗಲ ಮತ್ತು ಉದ್ದ. ಅಗಲ ಬಾಯಿಯ ಟಿಪ್ ಟ್ರೆಬಲ್ಲನ್ನು ತಡೆಯಿಲ್ಲದೆ ಬಿಡುತ್ತದೆ. ಕಿರಿದಾದದ್ದು ಮೇಲಿನದನ್ನು ತಗ್ಗಿಸಿ ಬೇಸ್ ದಪ್ಪವಾದಂತೆ ಕೇಳಿಸುತ್ತದೆ. ಉದ್ದವಾದದ್ದು ಐಇಎಂ ಅನ್ನು ಹೊರಗೆ ನಿಲ್ಲಿಸುತ್ತದೆ, ಗಿಡ್ಡವಾದದ್ದು ಒಳಗೆ ಬಿಡುತ್ತದೆ. ನಳಿಕೆಯ ದಪ್ಪವನ್ನೂ ಕೇಳಿ ಕೊಳ್ಳಬೇಕು: ಎಟಿಮೋಟಿಕ್, ಶೂರ್ ಐಇಎಂಗಳ ನಳಿಕೆ 3 ಮಿಲಿಮೀಟರ್ ಸುತ್ತ, ಬಹಳಷ್ಟು ಬೇರೆಯವು 5ರಿಂದ 6. ದಪ್ಪ ನಳಿಕೆಗೆಂದು ಮಾಡಿದ ಟಿಪ್ಪನ್ನು ತೆಳು ನಳಿಕೆಗೆ ಹಾಕಿದರೆ ಐಇಎಂ ಹೊರಬಂದು ಟಿಪ್ ಕಿವಿಯಲ್ಲೇ ಉಳಿಯಬಹುದು. ಹಾಗಾದಾಗ ಪಿನ್ನು, ಕಡ್ಡಿ ಹುಡುಕದೆ ಕಿವಿ ವೈದ್ಯರ ಬಳಿ ಹೋಗುವುದೇ ಸರಿ.

ಯಾವ ಟಿಪ್ಪೂ ಒಗ್ಗದ ಕಿವಿಗಳಿಗೆ, ವೇದಿಕೆಯ ಸಂಗೀತಗಾರರಿಗೆ, ಅಚ್ಚಿನ ಐಇಎಂ ಇದೆ. ಆಡಿಯಾಲಜಿಸ್ಟ್ ನಾಳದ ಆಳದಲ್ಲಿ ಸ್ಪಂಜಿನ ತಡೆಯಿಟ್ಟು, ಎರಡನೆಯ ಬಾಗು ದಾಟುವಂತೆ ಮೆತ್ತನೆಯ ಸಿಲಿಕೋನ್ ತುಂಬಿ ಅಚ್ಚು ತೆಗೆಯುತ್ತಾರೆ. ಶ್ರವಣಸಾಧನದ ಇಯರ್‌ಮೋಲ್ಡ್‌ಗೆ ನಡೆಯುವ ಕೆಲಸವೇ ಇದು. 1965ರಲ್ಲಿ ಹುಟ್ಟಿದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇಯರ್‌ಮೋಲ್ಡ್ ತಯಾರಿಕೆ ದಿನದ ಕಸುಬು. ಅಚ್ಚಿನ ಐಇಎಂನ ಒಂದೇ ತೊಂದರೆಯೆಂದರೆ ಬೇಡವಾದಾಗ ಕೊಳ್ಳುವವರು ಸಿಗುವುದಿಲ್ಲ.

ಐಇಎಂ ಸಿಕ್ಕಿಸುವ ಮೂಲಯಂತ್ರದ ಬಗ್ಗೆ ಎರಡು ಮಾತು ಸಾಕು. ಹಲವು ಆರ್ಮೇಚರ್‌ಗಳ ಐಇಎಂನ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ ಅದರ ಎಂಟನೇ ಒಂದಕ್ಕಿಂತ ಹೆಚ್ಚಾದರೆ ದನಿಯ ಬಣ್ಣವೇ ತಿರುಗುತ್ತದೆ. 13 ಓಮ್ ಸುತ್ತಲಿನ ಕ್ಯಾಂಪ್‌ಫೈರ್ ಆಂಡ್ರೋಮಿಡಾ ಇದಕ್ಕೆ ಹೆಸರಾದ ಉದಾಹರಣೆ. ಗದ್ದಲದ ಆಂಪ್‌ನಲ್ಲಿ ಅದು ಹಾಡಿಲ್ಲದಾಗಲೂ ಹಿಸ್ ಎನ್ನುತ್ತದೆ. ಫೋನಿಗೆ ಸಿಕ್ಕಿಸುವ ಒಳ್ಳೆಯ ಸಣ್ಣ ಡಾಂಗಲ್ ಒಂದು ಈ ಎರಡನ್ನೂ ಬಗೆಹರಿಸುತ್ತದೆ. ಬೆಳ್ಳಿಯ ಕೇಬಲ್ಲಿಗೆ ಇಡುವ ಹಣದ ಕಾಲುಭಾಗಕ್ಕೆ ಬಗೆಬಗೆಯ ಟಿಪ್‌ಗಳ ದೊಡ್ಡ ಸಂಗ್ರಹವೇ ಬರುತ್ತದೆ, ಅದರಿಂದಾಗುವ ಬದಲಾವಣೆ ಕಿವಿಗೆ ಕೇಳುತ್ತದೆ ಕೂಡ. ಕೇಬಲ್ಲನ್ನು ಕಿವಿಯ ಮೇಲಿಂದ ಸುತ್ತಿ ಹಾಕಿಕೊಳ್ಳುವುದು ಮಾತ್ರ ತಪ್ಪಬಾರದು. ಅಂಗಿಗೆ ಉಜ್ಜುವ ಸದ್ದು ಒಳಗೆ ಬರುವುದು ಅದರಿಂದ ಬಹುಪಾಲು ನಿಲ್ಲುತ್ತದೆ.

ಚೆನ್ನಾಗಿ ಕೂತ ಟಿಪ್ ಕೇಳ್ಮೆಯನ್ನೂ ಕಾಪಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧವಾಗಬೇಕು. 89 ಡೆಸಿಬೆಲ್‌ನಲ್ಲಿ ಉಳಿಯುವುದು ಬರೀ 5 ಗಂಟೆ. ಬಸ್ಸಿನ ಇಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವ ಬದಲು ಸದ್ದೇ ಒಳಬರದಂತೆ ತಡೆದರೆ ಪಲುಕೂ ಮೆಲುದನಿಯಲ್ಲಿ ಕೇಳುತ್ತದೆ. ಅದೇ ಕಾರಣಕ್ಕೆ ರಸ್ತೆ ದಾಟುವಾಗ ಒಂದು ಕಿವಿಯದ್ದನ್ನಾದರೂ ತೆಗೆದಿರಬೇಕು.

ಉಳಿದದ್ದು ಶುಚಿ. ನಳಿಕೆಯ ಬಾಯಿಯ ಜಾಲರಿಗೆ ಗುಗ್ಗೆ ಮೆತ್ತಿದರೆ ಆ ಪಕ್ಕದ ಸದ್ದು ಇಳಿಯುತ್ತದೆ. ಕೇಳಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ನಳಿಕೆಯನ್ನು ಕೆಳಮುಖ ಮಾಡಿ ಮೆತ್ತನೆಯ ಬ್ರಷ್ ಆಡಿಸಿದರೆ ಉದುರುತ್ತದೆ. ಮೇಲ್ಮುಖವಾಗಿ ಹಿಡಿದು ಉಜ್ಜಿದರೆ ಒಳಗೇ ಬೀಳುತ್ತದೆ. ಸಿಲಿಕೋನ್ ಟಿಪ್‌ಗಳನ್ನು ಬಿಡಿಸಿ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಸಿಕ್ಕಿಸಬೇಕು. ಫೋಮನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಹೊಸೆದು ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳದಿದ್ದರೆ ಬದಲಿಸುವ ಕಾಲ ಬಂತೆಂದು ಅರ್ಥ. ಹೊಂದಿದ ಟಿಪ್‌ನ ಹೆಸರು, ಅಳತೆ, ಎಡ ಬಲ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಐಇಎಂ ಪೆಟ್ಟಿಗೆಯಲ್ಲೇ ಇಟ್ಟರೆ ಮುಂದಿನ ಸಲ ಹುಡುಕಾಟ ತಪ್ಪುತ್ತದೆ.