ಓದಲು ಬಾಕಿ

ಗೂಗಲ್ ರೀಡರ್ ನಿಂತದ್ದು 2013ರ ಜುಲೈ 1ಕ್ಕೆ. ಮಾರ್ಚ್ 13ರಂದೇ ನೋಟೀಸು ಬಂದಿತ್ತು. ಬಳಸುವವರು ಕಡಿಮೆಯಾದರು ಎಂಬುದು ಕೊಟ್ಟ ಕಾರಣ. ಆ ಕಡಿಮೆ ಮಂದಿಯಲ್ಲಿ ಗುರುವಾಯನಕೆರೆಯ ನಾನೂ ಒಬ್ಬ.

ಅದು ಏನೆಂದು ಈಗಿನ ಹುಡುಗರಿಗೆ ತಿಳಿಸುವುದೇ ಕಷ್ಟ. ಆರೆಸ್ಸೆಸ್ ಫೀಡ್ ಎಂದರೆ ನಮ್ಮೂರ ಪೇಟೆಯಲ್ಲಿ ಜನ ಬೇರೆಯೇ ತಿಳಿಯುತ್ತಾರೆ, ಅದಿರಲಿ. ನಮಗೆ ಬೇಕಾದ ಬ್ಲಾಗುಗಳ ವಿಳಾಸ ಒಮ್ಮೆ ಕೊಟ್ಟರೆ ಸಾಕು, ಯಾರು ಯಾವಾಗ ಬರೆದರೂ ಬರಹ ಒಂದೇ ಕಡೆ ಬಂದು ಕೂರುತ್ತಿತ್ತು. ಆರ್ದ್ರಾ ಮಳೆ ಹಿಡಿದು, ಅಡಿಕೆಗೆ ಮದ್ದು ಬಿಡುವವರು ಬಾರದೆ, ಕರೆಂಟು ಬಂದು ಹೋಗಿ ಮಾಡುವ ದಿನಗಳಲ್ಲಿ ಸಿಕ್ಕ ಅರ್ಧ ಗಂಟೆಗೆ ಅಷ್ಟು ಧಾರಾಳವಾಯಿತು.

ನನ್ನ ಪಟ್ಟಿಯಲ್ಲಿ ಸಂಪದ, ಅವಧಿ, ಕೆಂಡಸಂಪಿಗೆಯಂಥ ದೊಡ್ಡವೂ ಇದ್ದವು. ರುಚಿ ಇದ್ದದ್ದು ಮಾತ್ರ ಸಣ್ಣವರಲ್ಲಿ. ಮಸ್ಕತ್ತಿನಲ್ಲಿ ಕೂತು ಕೋಳಿಕಟ್ಟದ ಕಥೆ ಬರೆಯುತ್ತಿದ್ದವರು, ನ್ಯೂಜೆರ್ಸಿಯಲ್ಲಿ ಪತ್ರೊಡೆಗೆ ಕೆಸುವಿನೆಲೆ ಸಿಗದೆ ಒದ್ದಾಡಿದವರು, ಮಳೆಗಾಲ ಬಂದರೆ ಮಾತ್ರ ಬರೆಯುವ ಒಬ್ಬ ಮೇಷ್ಟ್ರು. ಇಂಥವರನ್ನು ದಿನಾ ಹೋಗಿ ನೋಡಿ ಬರಲು ಯಾರಿಂದಲೂ ಆಗದು. ಅವರು ವರ್ಷಗಟ್ಟಲೆ ಸುಮ್ಮನಿದ್ದರೂ ರೀಡರಿನಲ್ಲಿ ಅವರ ಹೆಸರಿನ ಸಾಲು ಹಾಗೇ ಇರುತ್ತಿತ್ತು. ಎಷ್ಟೋ ಮಂದಿ ಬ್ಲಾಗನ್ನೇ ಅಳಿಸಿ ಹೋದ ಮೇಲೂ ಅವರ ಹಳೆಯ ಬರಹ ಅಲ್ಲಿ ಓದಲು ಸಿಗುತ್ತಿತ್ತು.

"ಎಲ್ಲ ಫೇಸ್‌ಬುಕ್ಕಿನಲ್ಲೇ ಉಂಟಲ್ಲ ಮಾವ, ಮತ್ತೆ ಇದು ಎಂತಕ್ಕೆ?" ಎಂದ ಅಕ್ಕನ ಮಗ. ಅಲ್ಲಿ ಜಾಸ್ತಿ ಮಾತಾಡುವವರೇ ಮುಂದೆ ಕಾಣುತ್ತಾರೆ, ಮೇಷ್ಟ್ರು ಕಾಣುವುದಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಸರಿ, ಬದಲಿ ಹುಡುಕಿದೆ. ಫೀಡ್ಲಿ ಪತ್ರಿಕೆಯ ಪುಟದ ಹಾಗೆ ಚಿತ್ರಗಳನ್ನು ಜೋಡಿಸುತ್ತಿತ್ತು. ನಮ್ಮ ಬ್ಲಾಗಿಗರಲ್ಲಿ ಚಿತ್ರ ಹಾಕುವವರೇ ಅಪರೂಪ. ನ್ಯೂಸ್‌ಬ್ಲರಿನಲ್ಲಿ ಪುಕ್ಕಟೆಗೆ 64 ತಾಣ, ಮಿಕ್ಕದ್ದಕ್ಕೆ ದುಡ್ಡು. ದಿ ಓಲ್ಡ್ ರೀಡರಿನ ಹೆಸರೇ ಮನಸ್ಸು ಸೆಳೆಯಿತು. ಗೂಗಲ್ 2011ರಲ್ಲಿ ಕಿತ್ತುಹಾಕಿದ ಹಂಚಿಕೊಳ್ಳುವ ಅನುಕೂಲ ಅದರಲ್ಲಿತ್ತು. ಆ ಜುಲೈ ಮುಗಿಯುವ ಮೊದಲೇ ಅವರೂ ಬಾಗಿಲು ಹಾಕುತ್ತೇವೆಂದರು, ಆಮೇಲೆ ಹೊಸ ಯಜಮಾನರು ಬಂದು ಉಳಿಸಿದರು. ಕೊನೆಗೆ ನಾನು ಸೇರಿದ್ದು ಬಲ್ಗೇರಿಯದವರ ಇನೋರೀಡರಿಗೆ. ಸಾಲಾಗಿ ಬರೀ ತಲೆಬರಹ ತೋರಿಸು ಎಂದರೆ ತೋರಿಸುತ್ತದೆ.

ಸಾಮಾನು ಸಾಗಿಸುವುದೇನೂ ಕಷ್ಟವಾಗಲಿಲ್ಲ. ಒಪಿಎಂಎಲ್ ಎಂಬ ಚಿಕ್ಕ ಕಡತದಲ್ಲಿ ಇಡೀ ಪಟ್ಟಿ ಬಂತು. ಆದರೆ ಅದರಲ್ಲಿ ಬರುವುದು ವಿಳಾಸ ಮಾತ್ರ. ಅಳಿಸಿ ಹೋದವರ ಸಾಲುಗಳನ್ನು ಹೊಸ ಮನೆಯಲ್ಲಿ ತೆರೆದರೆ ಒಳಗೆ ಏನೂ ಇಲ್ಲ. ಕೋಳಿಕಟ್ಟ ಹೋಯಿತು, ಪತ್ರೊಡೆ ಹೋಯಿತು. ಮೇಷ್ಟ್ರದ್ದು ಉಳಿಯಿತು, ಅವರು ಬ್ಲಾಗು ಅಳಿಸಿರಲಿಲ್ಲ.

ಆಗ ಬದಲಿಯೆಂದು ಹುಟ್ಟಿದ ಡಿಗ್ ರೀಡರ್ 2018ರ ಮಾರ್ಚಿನಲ್ಲಿ ಮುಚ್ಚಿತು. ಆದ್ದರಿಂದ ಹೊಸ ರೀಡರ್ ಹುಡುಕುವವರು ಪಟ್ಟಿಯನ್ನು ಹೊರಗೆ ಒಯ್ಯಲು ದಾರಿ ಉಂಟಾ ಎಂದು ಮೊದಲು ನೋಡಿ, ಅಂದ ಚಂದ ಆಮೇಲೆ. ಇನ್ನು, ಬ್ಲಾಗು ಬರೆದು ಬಿಟ್ಟವರಲ್ಲಿ ಒಂದು ಕೇಳಿಕೆ: ಹಳೆಯ ವಿಳಾಸ ದಯವಿಟ್ಟು ಅಳಿಸಬೇಡಿ. ಹತ್ತು ವರ್ಷ ಬಿಟ್ಟು ಒಂದು ಪುಟ ಬರೆದರೂ ಗುರುವಾಯನಕೆರೆಗೆ ಬಂದು ಮುಟ್ಟುತ್ತದೆ.