ಬ್ರಹ್ಮಗಿರಿಯ ಬಂಡೆ ಮತ್ತು ಎರಡನೆಯ ಪರಿವರ್ತನೆ

ಚಳ್ಳಕೆರೆಯನ್ನು ದಾಟಿ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬಿ.ಜಿ. ಕೆರೆ ಎಂಬ ಊರು ಸಿಗುತ್ತದೆ. ಶೇಂಗಾ ಹೊಲಗಳು, ಕುರಿಮಂದೆಗಳು, ಮಳೆಗಾಗಿ ಮುಗಿಲು ನೋಡುವ ಜನ. ಇದು ಮೊಳಕಾಲ್ಮುರು ತಾಲ್ಲೂಕಿಗೆ ಸೇರಿದ ಊರು. ಮೊಳಕಾಲ್ಮುರು ಎಂದೊಡನೆ ನಮ್ಮ ತಾಯಂದಿರಿಗೆ ರೇಷ್ಮೆ ಸೀರೆ ನೆನಪಾಗುತ್ತದೆ. ನನಗಾದರೋ ಈ ತಾಲ್ಲೂಕಿನ ಮೂರು ಬಂಡೆಗಳು ನೆನಪಾಗುತ್ತವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಹೀಗೆ ಕ್ರಿಸ್ತಪೂರ್ವ 3ನೆಯ ಶತಮಾನದ ಬರಹವೊಂದು ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಇಂದಿಗೂ ಉಳಿದುಕೊಂಡಿದೆ.

ಆಧ್ಯಾತ್ಮಿಕ ಪರಿವರ್ತನೆಯ ಕುರಿತು ಬರೆಯಹೊರಟ ಧರ್ಮಗುರುವೊಬ್ಬ ಬೌದ್ಧ ಅರಸನ ಬಂಡೆಯ ಮುಂದೆ ಏಕೆ ನಿಂತಿದ್ದಾನೆ ಎಂದು ಪ್ರಿಯ ಓದುಗರು ಕೇಳಬಹುದು. ಅಶೋಕನನ್ನು ನಮ್ಮವನನ್ನಾಗಿ ಮಾಡಿಕೊಳ್ಳುವ ಉದ್ದೇಶ ನನಗಿಲ್ಲ. ಅವನು ಬುದ್ಧನ ಉಪಾಸಕ, ಹಾಗೆಯೇ ಇರಲಿ. ಆದರೆ ಮನುಷ್ಯನೊಬ್ಬ ಒಳಗಿನಿಂದ ಬದಲಾಗುವುದೆಂದರೇನು ಎಂಬುದನ್ನು ಆ ಬಂಡೆ ಹೇಳುವ ರೀತಿ ನನ್ನನ್ನು ಬಹುಕಾಲದಿಂದ ಕಾಡಿದೆ.

ಶಾಲೆಯಲ್ಲಿ ನಾವೆಲ್ಲ ಕಲಿತ ಕಥೆ ಬೇರೆ. ಕಳಿಂಗ ಯುದ್ಧ ನಡೆಯಿತು, ರಣರಂಗದ ರಕ್ತವನ್ನು ಕಂಡು ಅಶೋಕನ ಮನಸ್ಸು ಕರಗಿತು, ಅಂದೇ ಖಡ್ಗವನ್ನು ಎಸೆದು ಧರ್ಮಾಶೋಕನಾದ. ಕಳಿಂಗದ ಪಶ್ಚಾತ್ತಾಪ ಸುಳ್ಳಲ್ಲ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು ಎಂದು ಅವನೇ ತನ್ನ 13ನೆಯ ಬಂಡೆಶಾಸನದಲ್ಲಿ ಲೆಕ್ಕ ಕೊಟ್ಟು ದುಃಖಿಸಿದ್ದಾನೆ. ಆದರೆ ಬ್ರಹ್ಮಗಿರಿಯ ಬಂಡೆಯಲ್ಲಿ ಕಳಿಂಗದ ಮಾತೇ ಇಲ್ಲ. ಅಲ್ಲಿರುವುದು ಇನ್ನೊಂದು ನಿವೇದನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳು ಕಳೆದವು, ಆದರೆ ಮೊದಲ ಒಂದು ವರ್ಷ ಹೇಳಿಕೊಳ್ಳುವಂತಹ ಪ್ರಯತ್ನವನ್ನೇನೂ ಮಾಡಲಿಲ್ಲ, ಸಂಘದ ಸಾಮೀಪ್ಯಕ್ಕೆ ಬಂದ ಮೇಲೆ, ಈಗ ಒಂದು ವರ್ಷಕ್ಕೂ ಮೇಲ್ಪಟ್ಟು, ಶ್ರದ್ಧೆಯಿಂದ ಶ್ರಮಿಸುತ್ತಿದ್ದೇನೆ ಎಂದು ಚಕ್ರವರ್ತಿ ತಿಳಿಸುತ್ತಾನೆ.

ಇದು ಗೆಳೆಯನೊಬ್ಬನಿಗೆ ಗುಟ್ಟಾಗಿ ಬರೆದ ಪತ್ರವಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಮತ್ತು ಮಹಾಮಾತ್ರರ ಮೂಲಕ ಇಸಿಲದ ಅಧಿಕಾರಿಗಳಿಗೆ ಬಂದ ರಾಜಾಜ್ಞೆ. ಮೊದಲು ಅವರ ಆರೋಗ್ಯವನ್ನು ವಿಚಾರಿಸಿ, ಅನಂತರ ವಿಷಯಕ್ಕೆ ಬರುತ್ತದೆ. (ಮೇಲಿನಿಂದ ಬರುವ ಸುತ್ತೋಲೆಗಳು ಇಂದಿಗೂ ಹೀಗೆ ಆರಂಭವಾದರೆ ಎಷ್ಟು ಚೆನ್ನ!) ಸಾಮ್ರಾಟನೊಬ್ಬ ತನ್ನ ಕೈಕೆಳಗಿನ ನೌಕರರಿಗೆ, ತಾನು ಹೆಸರಿಗೆ ಮಾತ್ರ ಉಪಾಸಕನಾಗಿದ್ದ ಒಂದು ವರ್ಷವಿತ್ತು ಎಂದು ಕಲ್ಲಿನಲ್ಲಿ ಕೊರೆಯಿಸಿ ತಿಳಿಸುತ್ತಾನೆ. ಕಲ್ಲಿನಲ್ಲಿ ವಿಜಯಗಳನ್ನು ಕೊರೆಯಿಸಿದ ಅರಸರು ನಮ್ಮ ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಇಂತಹ ಮಾತನ್ನು ಕೊರೆಯಿಸಿದವರು ಎಷ್ಟು ಮಂದಿ?

ಈ ಪ್ರಯತ್ನಕ್ಕೆ ಆ ಪ್ರಾಕೃತ ಶಾಸನ ಬಳಸುವ ಪದ ‘ಪಕಮ’. ಸಂಸ್ಕೃತದ ಪ್ರಕ್ರಮ, ಪರಾಕ್ರಮ ಎಂಬ ಶಬ್ದಗಳ ಕುಲಕ್ಕೆ ಸೇರಿದ್ದು. ಹೆಜ್ಜೆಯಿಡು ಎಂಬುದು ಅದರ ಮೂಲಾರ್ಥ. ರಣಾಂಗಣದ ಪರಾಕ್ರಮವನ್ನು ಬಲ್ಲವನು ಅದೇ ಕುಲದ ಪದವನ್ನು ಒಳಗಿನ ದುಡಿಮೆಗೆ ಹಚ್ಚಿದ್ದಾನೆ. ಅಷ್ಟೇ ಅಲ್ಲ, ಈ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸುವ ಸಣ್ಣವನಿಗೂ ವಿಪುಲವಾದ ಸ್ವರ್ಗ ಸಾಧ್ಯ ಎಂದೂ ಸೇರಿಸುತ್ತಾನೆ. ಕುರಿ ಕಾಯುವವರೂ ಕಂಬಳಿ ನೇಯುವವರೂ ಬಾಳುವ ಈ ಸೀಮೆಯಲ್ಲಿ ನಿಂತು ಈ ಮಾತನ್ನು ನೆನೆದಾಗ ಅದರ ತೂಕ ಬೇರೆಯಾಗಿಯೇ ಅರಿವಾಗುತ್ತದೆ.

ನಾನು ಇಷ್ಟನ್ನೂ ಯೋಚಿಸುವಂತೆ ಮಾಡಿದವರು ಲಾರಿ ಓಡಿಸುವ ಒಬ್ಬ ಕ್ರೈಸ್ತ ಬಂಧು. ಬಿ.ಜಿ. ಕೆರೆಯ ಹೆದ್ದಾರಿಯ ಬದಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವರೇ ನನ್ನನ್ನು ಗುರುತಿಸಿ ಬಳಿಗೆ ಬಂದರು. ಇದು ಪಾಪನಿವೇದನೆಯ ಮಾತಲ್ಲ, ಚಹಾದಂಗಡಿಯ ಮಾತು. ಬರೆಯಲು ಅವರ ಒಪ್ಪಿಗೆಯೂ ಇದೆ. ಧ್ಯಾನಕೂಟವೊಂದರಲ್ಲಿ ಕುಡಿತವನ್ನು ಬಿಟ್ಟು ಅವರು ಎಲ್ಲರೆದುರು ಸಾಕ್ಷ್ಯ ಹೇಳಿದ್ದರು. “ಫಾದರ್, ಅಷ್ಟು ಜನರ ಮುಂದೆ ಮೈಕ್ ಹಿಡ್ಕಂಡು ನಾನು ಹೊಸ ಮನುಷ್ಯ ಆದೆ ಅಂದೆ. ಮೂರು ತಿಂಗಳು ತುಂಬಲಿಲ್ಲ, ಮತ್ತೆ ಕುಡಿದೆ. ಇನ್ನು ಯಾವ ಮುಖ ಇಟ್ಕಂಡು ಚರ್ಚಿಗೆ ಬರ್ಲಿ? ನಂಗೆ ಅವತ್ತು ಆಗಿದ್ದು ಪರಿವರ್ತನೆನೇ ಅಲ್ಲ ಅನ್ಸುತ್ತೆ” ಎಂದರು. ಒಂದು ವರ್ಷದಿಂದ ಬಲಿಪೂಜೆಗೆ ಬಂದಿರಲಿಲ್ಲ. ಹೆಂಡತಿ ಮಕ್ಕಳನ್ನು ಬಾಗಿಲವರೆಗೆ ಬಿಟ್ಟು, ತಾವು ಹೊರಗೆ ನಿಲ್ಲುತ್ತಿದ್ದರಂತೆ.

ಅವರನ್ನು ದೇವಾಲಯದ ಹೊರಗೆ ನಿಲ್ಲಿಸಿದ್ದು ಹೆಂಡವಲ್ಲ, ನಾಚಿಕೆ. ಆ ನಾಚಿಕೆಯ ಬೇರು ನಮ್ಮ ಸಾಕ್ಷ್ಯಗಳ ವಾಡಿಕೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ವೇದಿಕೆಗಳಲ್ಲಿ ಪರಿವರ್ತನೆಗೆ ಒಂದು ದಿನಾಂಕವಿರುತ್ತದೆ. ಅದರ ಹಿಂದೆ ಕತ್ತಲು, ಅದರ ಮುಂದೆ ಬೆಳಕು. ದಮಸ್ಕಸ್ ಹಾದಿಯಲ್ಲಿ ಬಿದ್ದ ಸೌಲನನ್ನು ನಾವು ಬಣ್ಣಿಸುತ್ತೇವೆ. ಆದರೆ ಆ ಪೌಲನೇ ಗಲಾತ್ಯರಿಗೆ ಬರೆದ ಪತ್ರದಲ್ಲಿ ತಾನು ಅರೇಬಿಯಕ್ಕೆ ಹೋಗಿ, ದಮಸ್ಕಸ್‌ಗೆ ಮರಳಿ, ಮೂರು ವರ್ಷಗಳಾದ ಮೇಲೆ ಜೆರುಸಲೇಮಿಗೆ ಬಂದು ಪೇತ್ರನನ್ನು ಕಂಡುದಾಗಿ ಹೇಳುವುದನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ಆ ವರ್ಷಗಳಿಗೆ ಬಣ್ಣವಿಲ್ಲ, ಮಿಂಚಿಲ್ಲ. ಅವಿಲಾದ ಸಂತ ತೆರೇಸಾ 1535ರಲ್ಲಿ ಕಾರ್ಮೆಲ್ ಮಠವನ್ನು ಸೇರಿದರು. ಗಾಯಗೊಂಡ ಕ್ರಿಸ್ತನ ಪ್ರತಿಮೆಯೆದುರು ಅವರ ಹೃದಯ ಒಡೆದು ಕರಗಿದ್ದು 1554ರಲ್ಲಿ. ನಡುವಣ ಸುಮಾರು ಇಪ್ಪತ್ತು ವರ್ಷ ಅವರು ಸನ್ಯಾಸಿನಿಯೇ ಆಗಿದ್ದರು, ಆದರೂ ಪ್ರಾರ್ಥನೆಯಲ್ಲಿ ಏಳುತ್ತ ಬೀಳುತ್ತ ಸಾಗಿದ್ದರು. ಅದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ.

ಗುರುಮಠದಲ್ಲಿ ನಮಗೆ ಗ್ರೀಕ್ ಭಾಷೆಯ ‘ಮೆತಾನೊಯ’ ಎಂಬ ಪದವನ್ನು ಬಿಡಿಸಿ ಕಲಿಸಿದರು: ಮನಸ್ಸನ್ನೇ ತಿರುಗಿಸಿಕೊಳ್ಳುವುದು. ಅದನ್ನು ಕಂಠಪಾಠ ಮಾಡುವುದು ಸುಲಭ. ತಿರುಗಿದ ಮೇಲೆ ನಡೆಯಬೇಕಾದ ದಾರಿ ಉದ್ದವಾದದ್ದು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ‘ಎರಡನೆಯ ಪರಿವರ್ತನೆ’ ಎಂಬ ಮಾತನ್ನು ಬಳಸಿ, ಅದು ಇಡೀ ಧರ್ಮಸಭೆಯ ನಿರಂತರ ಕಾರ್ಯವೆಂದು ಬೋಧಿಸುತ್ತದೆ. ಧರ್ಮಸಭೆಯಲ್ಲಿ ನೀರೂ ಇದೆ, ಕಣ್ಣೀರೂ ಇದೆ ಎಂಬ ಸಂತ ಅಂಬ್ರೋಸರ ವಿಚಾರವನ್ನು ಅಲ್ಲಿಯೇ ಸ್ಮರಿಸುತ್ತದೆ. ದೀಕ್ಷಾಸ್ನಾನದ ನೀರು ಒಮ್ಮೆ. ಪಶ್ಚಾತ್ತಾಪದ ಕಣ್ಣೀರಿಗೆ ಹಾಗೆ ಲೆಕ್ಕವಿಟ್ಟಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಬಂಡೆ ಹೇಳುವುದು ಪ್ರಯತ್ನದ ಫಲವನ್ನು. ಕ್ರೈಸ್ತ ವಿಶ್ವಾಸದಲ್ಲಿ ಮೊದಲ ಹೆಜ್ಜೆ ದೇವರದು. ಮನುಷ್ಯನು ತನ್ನ ಬಲದಿಂದಲೇ ಪಾವನನಾಗಬಲ್ಲನೆಂದ ಪೆಲಾಜಿಯಸನಿಗೆ 5ನೆಯ ಶತಮಾನದಲ್ಲಿ ಸಂತ ಅಗಸ್ಟೀನರು ಉತ್ತರ ಕೊಟ್ಟದ್ದು ಇದೇ ಕಾರಣಕ್ಕೆ. ಹಾಗೆಂದು ದೈವಾನುಗ್ರಹವು ನಮ್ಮ ಕಾಲುಗಳ ಬದಲಿಗೆ ನಡೆಯುವುದಿಲ್ಲ. ಈ ಎರಡರ ನಡುವಣ ಗೆರೆಯನ್ನು ಪಂಡಿತರು ಶತಮಾನಗಳಿಂದ ಚರ್ಚಿಸುತ್ತಿದ್ದಾರೆ. ಲಾರಿಯ ಆ ಬಂಧುವಿಗೆ ಬೇಕಾಗಿದ್ದುದು ಚರ್ಚೆಯಲ್ಲ.

ಅವರಿಗೆ ನಾನು ಅಶೋಕನ ಕಥೆಯನ್ನು ಹೇಳಿದೆ. ಬ್ರಹ್ಮಗಿರಿ ಇದೇ ತಾಲ್ಲೂಕಿನಲ್ಲಿದೆ ಎಂದಾಗ ಅವರಿಗೆ ಆಶ್ಚರ್ಯ. ಎಷ್ಟೋ ಸಲ ಈ ದಾರಿಯಲ್ಲಿ ಲಾರಿ ಓಡಿಸಿದ್ದರಂತೆ. “ರಾಜನಿಗೂ ಒಂದು ವರ್ಷ ಹಿಡೀತಾ?” ಎಂದು ಕೇಳಿದರು. ಹಿಡಿಯಿತು ಎಂದೆ. ಅವನ ಪ್ರಯತ್ನ ಬಲಗೊಂಡದ್ದು ಸಂಘದ ಹತ್ತಿರ ಬಂದ ಮೇಲೆ, ದೂರ ನಿಂತಾಗ ಅಲ್ಲ ಎಂದೂ ಹೇಳಿದೆ. ಕುಡಿತವು ಒಂದು ಕಾಯಿಲೆಯೂ ಹೌದು, ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು, ಜೊತೆಗಾರರೂ ಬೇಕು ಎಂದು ವಿವರಿಸಿದೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಬಳಗ ಇಂದು ನಮ್ಮ ದೇಶದಲ್ಲಿಯೂ ಇದೆ. ಅಲ್ಲಿ ಜೀವಮಾನದ ಪ್ರತಿಜ್ಞೆಯನ್ನು ಯಾರೂ ಕೇಳುವುದಿಲ್ಲ. ಇವತ್ತೊಂದು ದಿನ ಕುಡಿಯದಿರುವುದು, ನಾಳೆಯದನ್ನು ನಾಳೆ ನೋಡುವುದು, ಅಷ್ಟೇ ಲೆಕ್ಕ. ಅಂತಹ ಒಂದು ಕೂಟದ ವಿಳಾಸವನ್ನು ಅವರಿಗೆ ಗೊತ್ತು ಮಾಡಿಕೊಟ್ಟೆ.

ಬ್ರಹ್ಮಗಿರಿಯ ಶಾಸನ ಮುಂದುವರಿದು ಧರ್ಮವೆಂದರೇನು ಎಂದು ಹೇಳುವಾಗ ಧ್ಯಾನ, ದರ್ಶನಗಳ ಗೋಜಿಗೆ ಹೋಗುವುದಿಲ್ಲ. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರಿಷ್ಟರೊಡನೆ ಸರಿಯಾಗಿ ನಡೆದುಕೊಳ್ಳಬೇಕು. ಬರೆದವನು ಚಪಡನೆಂಬ ಲಿಪಿಕಾರ. ಬ್ರಾಹ್ಮಿ ಲಿಪಿಯ ಆ ಶಾಸನದ ಕೊನೆಯಲ್ಲಿ ಅವನು ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೂರದಿಂದ ಬಂದವನಿರಬೇಕು, ಪಾಪ. ಪರಿವರ್ತನೆಯಾಗಿದೆಯೋ ಇಲ್ಲವೋ ಎಂದು ನಮ್ಮ ಮನೆಯವರು ಅಳೆಯುವುದೂ ಇಂತಹ ಸಂಗತಿಗಳಲ್ಲಿಯೇ. ಲಾರಿಯ ಬಂಧುವಿನ ಪತ್ನಿ ನನ್ನೊಡನೆ ಮಾತನಾಡಿದಾಗ ಪ್ರಾರ್ಥನೆಯ ವಿಷಯ ಎತ್ತಲೇ ಇಲ್ಲ. “ಈಗ ಸಂಬಳ ಮನೆಗೆ ಬರ್ತದೆ ಫಾದರ್, ಮಕ್ಕಳು ಅಪ್ಪನ ಲಾರಿ ಸದ್ದು ಕೇಳಿದ್ರೆ ಒಳಗೆ ಓಡಲ್ಲ” ಎಂದರು.

ನಡುವೆ ಅವರು ಎರಡು ಬಾರಿ ಜಾರಿದ್ದಾರೆ. ಎರಡು ಬಾರಿಯೂ ಕೂಟಕ್ಕೆ ಮರಳಿದ್ದಾರೆ, ಬಲಿಪೂಜೆಗೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ತಪಸ್ಸುಕಾಲದ ಧ್ಯಾನಕೂಟದಲ್ಲಿ ಸಾಕ್ಷ್ಯ ನುಡಿಯಬೇಕೆಂದು ಯುವಕರು ಅವರನ್ನು ಕೇಳಿಕೊಂಡರು. ಮೈಕ್ ಬೇಡ, ಊಟದ ಪಾತ್ರೆಗಳನ್ನು ತೊಳೆಯುವ ಕೆಲಸವಿದ್ದರೆ ಕೊಡಿ ಎಂದು ಅವರು ಹೇಳಿ ಕಳುಹಿಸಿದರು. ಯುವಕರು ನನ್ನತ್ತ ನೋಡಿದರು. ಪಾತ್ರೆ ತೊಳೆಯುವವರ ಪಟ್ಟಿಯಲ್ಲಿ ಅವರ ಹೆಸರನ್ನು ಬರೆಯಿರಿ ಎಂದೆ.