ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು

ಮೊಹರಂ ಚಂದ್ರ ಕಂಡ ರಾತ್ರಿ ಅಮ್ಮಿ ನಮ್ಮನ್ನು ಕೂರಿಸಿಕೊಂಡು ಕೇಳಿದರು: "ಭಯ್ಯಾ ಕೀ ಆವಾಜ್ ಕಾಂ ಗಯೀ?" ಅಣ್ಣನ ದನಿ ಎಲ್ಲಿ ಹೋಯಿತು ಎಂದು. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ನಾಲ್ಕು ಸಾವಿರ ಹಾಡುಗಳಿದ್ದವು. ಯಾವ ಕೋಣೆಯಲ್ಲಿ ಕುಳಿತು ಮೊಬೈಲ್ ಒತ್ತಿದರೂ ಬೇಕಾದ ಹಾಡು ಬರುವಂತೆ ವ್ಯವಸ್ಥೆ ಮಾಡಿಕೊಂಡಿದ್ದೇವೆ ಎಂದು ಬಂದವರಿಗೆಲ್ಲ ಹೇಳುತ್ತಲೂ ಇದ್ದೆವು. ಮಾಮುವಿನ ರಿವಾಯತ್ ಮಾತ್ರ ಅದರಲ್ಲಿ ಇರಲಿಲ್ಲ.

ಇದರ ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು. ಅಬ್ಬಾ ಶಹಾಪುರದಲ್ಲಿ ಮಾಸ್ತರರಾಗಿದ್ದರು. ಕೆಲಸದ ಮೇಲೆ ಕಲಬುರಗಿಗೆ ಹೋದರೆ ಬರುವಾಗ ಚೀಲದಲ್ಲಿ ಒಂದು ಕ್ಯಾಸೆಟ್ಟು. ಮುಂದಿನ ವರ್ಷಗಳಲ್ಲಿ ಒಂದು ಸಿ.ಡಿ. ಅಬ್ದುಲ್ ಕರೀಂ ಖಾನ್, ಮಲ್ಲಿಕಾರ್ಜುನ ಮನ್ಸೂರ, ಸಾಬ್ರಿ ಸಹೋದರರ ಕವ್ವಾಲಿ, ಮೆಹದಿ ಹಸನ್, ಅವುಗಳ ನಡುವೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳು. ಹಾಡು ಕೇಳುವುದು ಸರಿಯೋ ತಪ್ಪೋ ಎಂಬ ಚರ್ಚೆ ಮನೆಗೆ ಬಂದ ನೆಂಟರು ಎತ್ತಿದರೆ ಅಬ್ಬಾ ಚಹಾ ತರಿಸುತ್ತಿದ್ದರು, ಉತ್ತರ ಹೇಳುತ್ತಿರಲಿಲ್ಲ. 2012ರಲ್ಲಿ ಅವರು ತೀರಿಕೊಂಡಾಗ ಒಂದು ತಗಡಿನ ಟ್ರಂಕಿನ ತುಂಬ ಡಿಸ್ಕುಗಳೂ ಒಂದು ಉದ್ದನೆಯ ನೋಟ್‌ಬುಕ್ಕೂ ನಮ್ಮ ಪಾಲಿಗೆ ಉಳಿದವು.

ಟ್ರಂಕಿನಲ್ಲಿ ಒಂದು ಡಿಸ್ಕು ಮಾತ್ರ ಅಂಗಡಿಯಲ್ಲಿ ಕೊಂಡದ್ದಲ್ಲ. ಸುರಪುರ ತಾಲ್ಲೂಕಿನಲ್ಲಿ ಕೃಷ್ಣಾ ದಂಡೆಯ ಒಂದು ಹಳ್ಳಿ ಅಮ್ಮಿಯ ತವರು. ಅಲ್ಲಿ ಮೊಹರಮ್ಮಿನ ರಾತ್ರಿ ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುತ್ತಾರೆ. ಹಾಡುವವರಲ್ಲಿ ನಮ್ಮವರಿಗಿಂತ ಬೇರೆ ಓಣಿಗಳವರೇ ಹೆಚ್ಚು. ಉತ್ತರ ಕರ್ನಾಟಕದ ಹಳ್ಳಿ ಬಲ್ಲವರಿಗೆ ಇದು ಹೊಸದಲ್ಲ. ಮಾಮು ಆ ಮೇಳದ ಮುಂದಾಳು. 1991ರ ಮೊಹರಮ್ಮಿನಲ್ಲಿ ಅಬ್ಬಾ ಟೇಪ್ ರೆಕಾರ್ಡರ್ ಒಯ್ದು ಅದನ್ನು ಹಿಡಿದಿಟ್ಟರು. ಗುಂಡಿ ಒತ್ತುವ ಕೆಲಸ ಆಗ ಚಿಕ್ಕವರಾಗಿದ್ದ ನಮ್ಮದು. 1998ರಲ್ಲಿ ಮಾಮು ಹೋದರು. ಕ್ಯಾಸೆಟ್ಟಿನ ಟೇಪು ಸವೆಯತೊಡಗಿತೆಂದು 2005ರಲ್ಲಿ ಅಬ್ಬಾ ಅದನ್ನು ಅಂಗಡಿಯೊಂದರಲ್ಲಿ ಸಿ.ಡಿ.ಗೆ ಹಾಕಿಸಿದರು. ಮರುವರ್ಷ ಕ್ಯಾಸೆಟ್ಟು ಯಂತ್ರಕ್ಕೆ ಸುತ್ತಿಕೊಂಡು ಹರಿದೇ ಹೋಯಿತು. 2009ರಲ್ಲಿ ನಾವು ಮೊದಲ ಕಂಪ್ಯೂಟರ್ ತಂದಾಗ ಟ್ರಂಕಿನ ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಅದರೊಳಗೆ ಇಳಿಸಿದೆವು. ಮಾಮುವಿನದನ್ನೂ ಇಳಿಸಿದ ನೆನಪು ಚೆನ್ನಾಗಿತ್ತು.

ಈಗ ಆ ಡಿಸ್ಕನ್ನೇ ಹಾಕಿ ಕೇಳೋಣವೆಂದರೆ ಯಂತ್ರ ಗರಗರ ಎಂದು ಸುಮ್ಮನಾಗುತ್ತದೆ. ಕಂಪನಿಯ ಸಿ.ಡಿ.ಗಳಲ್ಲಿ ಹಾಡು ಅಚ್ಚೊತ್ತಿದ ಸಣ್ಣ ಕುಳಿಗಳ ರೂಪದಲ್ಲಿರುತ್ತದೆ. ಅಂಗಡಿಯಲ್ಲಿ ಬರೆಸಿದ ಡಿಸ್ಕಿನಲ್ಲಿ ಒಂದು ಬಣ್ಣದ ಪದರವನ್ನು ಬೆಳಕಿನಿಂದ ಸುಟ್ಟು ಬರೆದಿರುತ್ತಾರೆ. ಬಣ್ಣವೆಂದ ಮೇಲೆ ಬಿಸಿಲಿಗೆ, ಕಾವಿಗೆ ಮಾಸುತ್ತದೆ. ನಮ್ಮ ಕಡೆ ಬೇಸಿಗೆ 42 ಡಿಗ್ರಿ. ತಗಡಿನ ಟ್ರಂಕಿನೊಳಗೆ ಎಷ್ಟಿತ್ತೋ ಅಲ್ಲಾಹನೇ ಬಲ್ಲ. ಎಂದರೆ ಕಂಪ್ಯೂಟರಿಗೆ ಇಳಿಸಿದ್ದೊಂದೇ ಉಳಿದ ಪ್ರತಿ. ಅದು ಸಿಗಲಿಲ್ಲವೆಂದರೆ ಮಾಮುವಿನ ದನಿ ಇಲ್ಲ.

ನಮ್ಮ ವ್ಯವಸ್ಥೆ ದೊಡ್ಡದೇನಲ್ಲ. ಮೆಟ್ಟಿಲ ಕೆಳಗೆ ಒಂದು ಹಳೆಯ ಕಂಪ್ಯೂಟರ್, ಅದರಲ್ಲಿ ಹಾಡುಗಳ ಹಾರ್ಡ್ ಡಿಸ್ಕ್. ವೈಫೈ ಮೂಲಕ ಟಿ.ವಿ.ಗೂ ಮೊಬೈಲಿಗೂ ಹಾಡು ಹಂಚುವುದು ಅದರ ಕೆಲಸ. ಮೊದಲು ಸಂಶಯ ಬಂದದ್ದು ಇದರ ಮೇಲೆಯೇ. ಕರೆಂಟು ಹೋಗಿ ಬಂದಾಗಲೆಲ್ಲ ರೂಟರ್ ಅದಕ್ಕೆ ಹೊಸ ನಂಬರು ಕೊಡುತ್ತಿತ್ತು, ಟಿ.ವಿ. ಹಳೆಯ ನಂಬರಿನಲ್ಲೇ ಹುಡುಕಿ ಯಾರೂ ಇಲ್ಲ ಎನ್ನುತ್ತಿತ್ತು. ಮಗ ಆ ಕಂಪ್ಯೂಟರಿಗೆ ಕಾಯಂ ನಂಬರು ಕೊಟ್ಟ. ಆ ಕಾಟ ತಪ್ಪಿತು. ಮಾಮು ಸಿಗಲಿಲ್ಲ.

ಆಮೇಲೆ ಹೆಸರುಗಳ ಕಡೆ ತಿರುಗಿದೆವು. ನೋಡಿದಷ್ಟೂ ರಗಳೆ ಅಲ್ಲಿಯೇ ಇತ್ತು. ಮಲ್ಲಿಕಾರ್ಜುನ ಮನ್ಸೂರರು ನಮ್ಮ ಮನೆಯಲ್ಲಿ ಮೂವರಾಗಿದ್ದರು: ಒಬ್ಬರು ಪಂಡಿತರು, ಒಬ್ಬರು ಬರೀ ಮನ್ಸೂರರು, ಇನ್ನೊಬ್ಬರು ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚಾದವರು. ಮಂಜಿ ಖಾನ್, ಬುರ್ಜಿ ಖಾನ್ ಇಬ್ಬರಲ್ಲೂ ಕಲಿತ ಒಂದೇ ಕಂಠ ಮೂರು ಮನೆ ಮಾಡಿತ್ತು. ಅಬ್ದುಲ್ ಕರೀಂ ಖಾನರು 'ಉ' ಅಕ್ಷರದಲ್ಲೂ ಇದ್ದರು, 'ಖ'ದಲ್ಲೂ ಇದ್ದರು. ಉಸ್ತಾದ್ ಎಂಬುದು ಮರ್ಯಾದೆ, ಹೆಸರಲ್ಲ ಎಂದು ಕಂಪ್ಯೂಟರಿಗೆ ಯಾರು ಹೇಳಬೇಕು? ತತ್ವಪದಗಳ ಹೆಸರನ್ನು ನಾವೇ ಆಗ ನುಡಿಯಲ್ಲಿ ಕುಟ್ಟಿ ಅಂಟಿಸಿದ್ದೆವು. ಆ ಕಾಲದ ನುಡಿಯಲ್ಲಿ ಕನ್ನಡವೆಂಬುದು ಇಂಗ್ಲಿಷ್ ಅಕ್ಷರಗಳಿಗೆ ತೊಡಿಸಿದ ವೇಷ. ಅದರ ಫಾಂಟು ಇಲ್ಲದ ಟಿ.ವಿ.ಯಲ್ಲಿ ವೇಷ ಕಳಚಿ ಟೋಪಿ, ಬಾಲ ಹೊತ್ತ ವಿಚಿತ್ರ ಅಕ್ಷರಗಳು ನಿಂತಿದ್ದವು. ಉರ್ದು ಗಜಲುಗಳ ಹೆಸರನ್ನು ಇನ್‌ಪೇಜಿನಲ್ಲಿ ಬರೆದಿದ್ದೆವು. ಅವು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಎರಡು ಲಿಪಿ ಕಲಿತ ನಮ್ಮ ಹೆಮ್ಮೆ ಎರಡೂ ಕಡೆ ಮಣ್ಣುಪಾಲು. ಎಲ್ಲವನ್ನೂ ಯೂನಿಕೋಡಿನಲ್ಲಿ ಮತ್ತೆ ಬರೆಯಲು ಎರಡು ವಾರದ ಸಂಜೆಗಳು ಹೋದವು. ಅಲ್ಲಿಯೂ ಮಾಮು ಇರಲಿಲ್ಲ.

ಕೊನೆಗೆ ಮಗ ಒಂದು ಪ್ರಶ್ನೆ ಕೇಳಿದ. "ಅಬ್ಬಾ, ಡಿಸ್ಕ್ ಹಾಕಿದಾಗ ಹಾಡಿನ ಹೆಸರು ತಾವೇ ಬರ್ತಿದ್ವಲ್ಲ, ಅವು ಎಲ್ಲಿಂದ ಬರ್ತಿದ್ವು?" ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಹಾಡಿನ ಸಿ.ಡಿ.ಯಲ್ಲಿ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ. ಸೆಕೆಂಡಿಗೆ 44,100 ಸಲ ಅಳೆದಿಟ್ಟ ದನಿ ಇರುತ್ತದೆ, ಎಷ್ಟನೆಯ ಹಾಡು ಎಲ್ಲಿ ಶುರು ಎಂಬ ಪಟ್ಟಿ ಇರುತ್ತದೆ, ಅಷ್ಟೇ. ಕಂಪ್ಯೂಟರ್ ಆ ಪಟ್ಟಿಯನ್ನೇ ಗುರುತಿನ ಸಂಖ್ಯೆಯಾಗಿ ಮಾಡಿ ಇಂಟರ್ನೆಟ್ಟಿನ ದಫ್ತರಕ್ಕೆ ಕಳಿಸಿ, ಇದು ಯಾರದು ಎಂದು ಕೇಳುತ್ತದೆ. ನಾವು ಬಳಸಿದ್ದು ಫ್ರೀಡಿಬಿ ಎಂಬ ದಫ್ತರವನ್ನು. ಅದು 2020ರಲ್ಲಿ ಮುಚ್ಚಿತು. ಅದರ ಗುರುತು ಎಂಟೇ ಅಂಕಿಯದು: ಎಷ್ಟು ಹಾಡು, ಒಟ್ಟು ಎಷ್ಟು ಸೆಕೆಂಡು, ಹಾಡುಗಳು ಶುರುವಾಗುವ ವೇಳೆಯಿಂದ ತೆಗೆದ ಒಂದು ಸಣ್ಣ ಲೆಕ್ಕ. ಹದಿನಾಲ್ಕು ಹಾಡಿನ ಡಿಸ್ಕಿಗೆ ಜೋಡಿ ಸಿಗುವುದು ಅಪರೂಪ. ಕ್ಯಾಸೆಟ್ಟಿನ ಎರಡು ಬದಿ ಎರಡು ಟ್ರ್ಯಾಕ್ ಆಗಿರುವ ಡಿಸ್ಕಿಗೆ ಲೋಕದಲ್ಲಿ ಎಲ್ಲೋ ಒಂದು ಅವಳಿ ಇದ್ದೀತು. ಆಗ ದಫ್ತರ ಸಂಕೋಚವಿಲ್ಲದೆ ಆ ಅವಳಿಯ ಹೆಸರನ್ನು ಕೊಟ್ಟುಬಿಡುತ್ತದೆ.

ಹಾಗಾದರೆ ಹೆಸರು ಬಿಟ್ಟು ಉದ್ದದಿಂದ ಹುಡುಕಬೇಕು. ಮಗ ಅಬ್ಬಾನ ನೋಟ್‌ಬುಕ್ ತೆಗೆದ. ಪ್ರತಿ ಕ್ಯಾಸೆಟ್ಟಿನ ಎದುರು ಅವರು ಉರ್ದುವಿನಲ್ಲಿ ನಿಮಿಷ ಬರೆದಿಡುತ್ತಿದ್ದರು. ಅವನು ಅಂಕಿ ಮಾತ್ರ ನೋಡಿ 29, 20 ಎಂದು ಬರೆದುಕೊಂಡು ಇಡೀ ರಾತ್ರಿ ಹುಡುಕಿದ, ಅಂಥ ಜೋಡಿ ಇರಲಿಲ್ಲ. ಬೆಳಿಗ್ಗೆ ಪುಸ್ತಕವನ್ನು ನಾವು ನೋಡಿದೆವು. ಉರ್ದುವಿನ ಐದು ದುಂಡಗಿರುತ್ತದೆ, ಇಂಗ್ಲಿಷ್ ಶಾಲೆಯ ಮಗನಿಗೆ ಅದು ಸೊನ್ನೆ. ಉರ್ದುವಿನಲ್ಲಿ ಸೊನ್ನೆ ಎಂದರೆ ಬರೀ ಚುಕ್ಕೆ. ಬರೆದದ್ದು 29 ಮತ್ತು 25. ಅವನಿಗೆ ಉರ್ದು ಕಲಿಸದೆ ಬಿಟ್ಟವರು ನಾವೇ, ಆದ್ದರಿಂದ ಬೈಯುವ ಹಾಗೂ ಇರಲಿಲ್ಲ.

29 ಮತ್ತು 25 ನಿಮಿಷದ ಎರಡು ಫೈಲುಗಳು ಒಂದೇ ಫೋಲ್ಡರಿನಲ್ಲಿದ್ದವು. ಫೋಲ್ಡರಿನ ಹೆಸರು ಜರ್ಮನ್ ಭಾಷೆಯಲ್ಲಿ, ಮಕ್ಕಳಿಗೆ ಹೇಳುವ ಯಾವುದೋ ಕಥೆಯದು. ಎಂದೋ ಯಾರದೋ ಪೆನ್‌ಡ್ರೈವಿನಿಂದ ಬಂದದ್ದಿರಬೇಕು ಎಂದು ಅದನ್ನು ಯಾರೂ ಹಚ್ಚಿ ನೋಡಿರಲಿಲ್ಲ. ಜಾಗ ಸಾಲುತ್ತಿಲ್ಲವೆಂದು ಆ ತಿಂಗಳು ಅಳಿಸಲಿರುವ ಫೈಲುಗಳ ಪಟ್ಟಿಯನ್ನು ಮಗ ಮಾಡಿಟ್ಟಿದ್ದ. ಆ ಕಥೆ ಅದರಲ್ಲಿ ಎರಡನೆಯದು.

ಹಚ್ಚಿದೆವು. ಮೊದಲು ಗಾಳಿ, ನಾಯಿ, ದೂರದ ಹಲಗಿ. ಆಮೇಲೆ ಮಾಮು. ಅಮ್ಮಿ ಅಡುಗೆಮನೆಯಿಂದ ಕೈಯಲ್ಲಿ ಹಿಟ್ಟು ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು, ಯಾರೂ ಏಳಲಿಲ್ಲ. 29ನೆಯ ನಿಮಿಷದಲ್ಲಿ ಹಾಡಿನ ನಡುವೆ ಒಬ್ಬ ಹುಡುಗ, "ಮಾಮು, ಕ್ಯಾಸೆಟ್ ಖತಮ್ ಹೋರಾ!" ಎಂದು ಕೂಗುತ್ತಾನೆ. ಯಾರು ಈ ಹುಡುಗ, ಹಾಡು ಕೆಡಿಸಿಬಿಟ್ಟ ಎಂದ ಮಗ. ನಾವು ಮಾತಾಡಲಿಲ್ಲ, ಅಮ್ಮಿ ನಮ್ಮ ಕಡೆ ಕೈ ತೋರಿಸಿದರು.

ಮೊದಲು ಮಾಡಿದ ಕೆಲಸ, ಎರಡು ಪೆನ್‌ಡ್ರೈವಿಗೆ ಪ್ರತಿ ತೆಗೆದದ್ದು. ಒಂದು ಈಗ ಆಪಾ ಮನೆಯಲ್ಲಿ, ಯಾದಗಿರಿಯಲ್ಲಿದೆ. ಫೈಲು ಎಂ.ಪಿ.3 ಆದದ್ದೊಂದು ಕೊರಗು. ಆಗ ಜಾಗ ಉಳಿಸಲು ದನಿಯನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿದ್ದೆವು. ತೆಗೆದುಹಾಕಿದ್ದು ಈಗ ಯಾವ ಉಪಾಯಕ್ಕೂ ಮರಳುವುದಿಲ್ಲ. ಡಿಸ್ಕಂತೂ ಹೋಗಿದೆ.

ಇನ್ನು ಹೆಸರು. ಜರ್ಮನ್ ಕಥೆಗಾರನನ್ನು ಅಳಿಸಿ, ಹಾಡಿದವರು ಎಂಬಲ್ಲಿ ಮಗ ಮಾಮುವಿನ ಹೆಸರು ಬರೆದ. ಅಮ್ಮಿ ಒಪ್ಪಲಿಲ್ಲ. "ಅವನೊಬ್ಬನೇ ಹಾಡ್ಯಾನೇನು? ಹಿಂದ ಮೂರು ಮಂದಿ ಹಿಡಿದಾರಲ್ಲ, ಅವರ ಹೆಸರೆಲ್ಲಿ?" ಎಂದರು ಕನ್ನಡದಲ್ಲೇ. ತವರಿನ ಮಾತು ಬಂದರೆ ಅವರಿಗೆ ಕನ್ನಡ ತಾನಾಗಿ ಬರುತ್ತದೆ. ಕಣ್ಣು ಮುಚ್ಚಿ ಮತ್ತೆ ಎರಡು ಸಲ ಕೇಳಿ ಇಬ್ಬರನ್ನು ದನಿಯಿಂದಲೇ ಗುರುತಿಸಿದರು: ಒಬ್ಬರು ಗೌಡರ ಮನೆಯವರು, ಇನ್ನೊಬ್ಬರು ಬಡಿಗೇರರು. ಮೂರನೆಯವರು ಕುಂಬಾರ ಓಣಿಯವರೆಂದು ಮಾತ್ರ ಅವರಿಗೆ ನೆನಪು. ಹಳ್ಳಿಗೆ ಫೋನು ಮಾಡಿ ಕೇಳಿದ್ದೇವೆ. ಬಿತ್ತಿಗೆ ಮುಗಿದ ಮೇಲೆ ಹಿರಿಯರನ್ನು ವಿಚಾರಿಸಿ ಹೇಳುತ್ತೇವೆ ಎಂದಿದ್ದಾರೆ. ಪಟ್ಟಿಯಲ್ಲಿ ಅವರ ಜಾಗವನ್ನು ಮಗ ಖಾಲಿ ಬಿಟ್ಟಿದ್ದಾನೆ.